ರಫೀಕನಿಗೆ ಗೊತ್ತಿರದ ಒಂದು ಪದ

ನಾಹೀದಾ ಗಂಗಾವತಿಯ ಗಂಡನ ಮನೆ ಬಿಟ್ಟು ಅಳವಂಡಿಯ ತವರಿಗೆ ಬಂದಾಗ ತಂದದ್ದು ಬಟ್ಟೆಯ ಬ್ಯಾಗು, ಮೆಹಂದಿ ಕೋನುಗಳ ಡಬ್ಬಿ ಮತ್ತು ಫೋನು. ಮದುವೆ ಮನೆಗಳಿಗೆ ಹೋಗಿ ಮೆಹಂದಿ ಹಾಕುವುದು ಅವಳ ಕೆಲಸ. ಗಂಡ ರಫೀಕನದು ಮೊಬೈಲ್ ರಿಪೇರಿ ಅಂಗಡಿ. ಅವನು ಕೈ ಎತ್ತಿದವನಲ್ಲ. ಆದರೆ ಎಲ್ಲಿಗೆ, ಯಾರ ಜೊತೆ, ಯಾಕೆ ತಡ ಎಂದು ಕೇಳಿ ಕೇಳಿ ಅವಳ ಉಸಿರು ಕಟ್ಟಿಸಿದ್ದ.

ತವರಿಗೆ ಬಂದ ಮೇಲೂ ಅದು ನಿಲ್ಲಲಿಲ್ಲ. ಒಂದು ದಿನ ಕುಷ್ಟಗಿಯಲ್ಲಿ ಮೆಹಂದಿ ಹಾಕಿ ಬಸ್ಸು ಹತ್ತುವಷ್ಟರಲ್ಲಿ ಅವನ ಕರೆ: "ಕುಷ್ಟಗ್ಯಾಗ ಏನ್ ಕೆಲಸಿತ್ತು ನಿಂದು?" ಇನ್ನೊಂದು ದಿನ, ಯಲಬುರ್ಗಾದ ಗೆಳತಿಗೆ ಅವಳು ವಾಟ್ಸಾಪಿನಲ್ಲಿ ಬರೆದ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದ.

ನಾಹೀದಾಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅನುಮಾನ ತಂಗಿ ಖುಷ್ಬುವಿನ ಮೇಲೆ ಬಿತ್ತು. ಭಾವನ ಜೊತೆ ಸಲಿಗೆಯಿಂದ ಮಾತಾಡುತ್ತಿದ್ದವಳು ಅವಳೇ.

"ನನ್ನ ಸುದ್ದಿ ಅವ್ರಿಗೆ ನೀನಽ ಮುಟ್ಟಸಾಕತ್ತೀಯಲ್ಲ?"

"ಖುದಾನ ಆಣಿ, ಇಲ್ಲ ಆಪಾ," ಎಂದು ಖುಷ್ಬು ಅತ್ತಳು. ನಾಹೀದಾ ನಂಬಲಿಲ್ಲ. ಒಂದೇ ಮನೆಯಲ್ಲಿ ಅಕ್ಕತಂಗಿಯರು ಬೇರೆ ಬೇರೆ ಹೊತ್ತಿಗೆ ಉಣ್ಣತೊಡಗಿದರು.

ಕೊಪ್ಪಳದ ವಕೀಲೆ ಶೈಲಜಾರನ್ನು ಕಾಣಲು ಹೋಗುವುದನ್ನು ಅವಳು ತಾಯಿ ಹಸನಬೀಗೂ ಹೇಳಲಿಲ್ಲ. ಅಲ್ಲಿ ಕುರ್ಚಿಯಲ್ಲಿ ಕೂತಿದ್ದಳಷ್ಟೆ, ರಫೀಕನ ಮೆಸೇಜು ಬಂತು: "ವಕೀಲರು ಏನಂದ್ರು?"

ನಾಹೀದಾ ಫೋನನ್ನು ಶೈಲಜಾರ ಮುಂದಿಟ್ಟಳು. ಖುಷ್ಬುವಿಗೆ ಇದು ಗೊತ್ತೇ ಇರಲಿಲ್ಲ.

"ಈ ಫೋನ್ ಸೆಟ್ ಮಾಡಿಕೊಟ್ಟಾರು ಯಾರು?" ಶೈಲಜಾ ಕೇಳಿದರು.

"ಅವ್ರಽ ರೀ. ಪಾಸ್‌ವರ್ಡೂ ಅವ್ರಽ ಹಾಕ್ಯಾರ."

ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದರೆ, ಅವಳು ಎಲ್ಲಿದ್ದರೂ ರಫೀಕನಿಗೆ ಕಾಣುವಂತೆ ಮಾಡಲಾಗಿತ್ತು. ಅವಳ ವಾಟ್ಸಾಪು ಇನ್ನೊಂದು ಕಂಪ್ಯೂಟರಿನಲ್ಲೂ ತೆರೆದಿತ್ತು. ಅವಳು ಅದನ್ನು ಅಳಿಸಲು ಹೋದಳು.

"ತಡೀರಿ. ಮೊದ್ಲ ನನ್ನ ಫೋನಿನ್ಯಾಗ ಇದರ ಫೋಟೊ ತಗೀತೀನಿ, ಕೋರ್ಟಿಗೆ ಬೇಕಾಗ್ತೈತಿ. ಅಳಿಸಿದ್ರ ಅವ್ರಿಗೆ ಗೊತ್ತಾಗ್ತೈತಿ, ಸಿಟ್ಟಿನ್ಯಾಗ ಮನಿಗೆ ಬರಬಹುದು. ಆಸರಕ್ಕ ಯಾರರ ಅದಾರೇನು?"

"ಬಾಜೂ ಮನ್ಯಾಗ ಚಾಂದಸಾಬ ಮಾಮಾ ಅದಾರ್ರಿ."

"ಈಗಽ ನನ್ನ ಫೋನಿಂದ ಅವ್ರಿಗೆ ಹೇಳ್ರಿ."

ಹೇಳಿದ ಮೇಲೆ ಎಲ್ಲ ಕೊಂಡಿ ಕಡಿದು ಹೊಸ ಖಾತೆ ತೆರೆದರು. ಹೊಸ ಪಾಸ್‌ವರ್ಡ್ ಬೇಕಿತ್ತು. ಹುಟ್ಟಿದ ದಿನ, ತಾಯಿಯ ಹೆಸರು, ಇಷ್ಟದ ಹೂವು, ಎಲ್ಲವೂ ಅವನಿಗೆ ಗೊತ್ತು. ಅವನಿಗೆ ಗೊತ್ತಿಲ್ಲದ್ದು ತನ್ನಲ್ಲಿ ಏನು ಉಳಿದಿದೆ? ಯೋಚಿಸುತ್ತ ಅವಳಿಗೆ ಅಳು ಬಂತು. ಆಮೇಲೆ, ಶಾಲೆಯಲ್ಲಿ ಗೆಳತಿಯೊಂದಿಗೆ ಕಟ್ಟಿಕೊಂಡಿದ್ದ ಅರ್ಥವಿಲ್ಲದ ಪದವೊಂದು ನೆನಪಾಯಿತು. ಶೈಲಜಾರಿಗೂ ಕಾಣದಂತೆ ಒತ್ತಿದಳು.

ಸಂಜೆ ರಫೀಕ ಬೈಕಿನಲ್ಲಿ ಬಂದೇ ಬಂದ. "ಫೋನಿಗೆ ಏನ್ ಮಾಡೀದಿ? ನಾ ನಿನ್ನ ಕಾಳಜಿಗೆ ನೋಡ್ತಿದ್ನಿ!"

ಚಾಂದಸಾಬ ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ನಾಹೀದಾ ಬಾಗಿಲಲ್ಲಿ ನಿಂತಳು.

"ಮಾತಾಡೋದಿದ್ರ ವಕೀಲರ ಕೂಡ ಮಾತಾಡ್ರಿ."

ಅವನು ಚಾಂದಸಾಬರತ್ತ ನೋಡಿ, ಏನೋ ಗೊಣಗಿ ಹೋದ.

ಒಳಗೆ ಖುಷ್ಬು ರೊಟ್ಟಿ ಬಡಿಯುತ್ತಿದ್ದಳು. "ತಪ್ಪಾತವ್ವಾ," ಎಂದಳು ನಾಹೀದಾ.

"ಆವತ್ತಽ ನಂಬಬೇಕಿತ್ತು, ಆಪಾ." ಖುಷ್ಬು ತಲೆ ಎತ್ತಲಿಲ್ಲ. ಆದರೆ ಅಕ್ಕನ ತಾಟಿಗೂ ಬಿಸಿ ರೊಟ್ಟಿ ಹಾಕಿದಳು.

ಕೇಸು ಇನ್ನೂ ನಡೆದಿದೆ. ನಾಹೀದಾ ಗಂಗಾವತಿ ಕಡೆಯ ಸಾಣಾಪುರದವರೆಗೂ ಮೆಹಂದಿ ಹಾಕಲು ಹೋಗುತ್ತಾಳೆ. ಹೋದದ್ದು ಯಾಕೆಂದು ಯಾರೂ ಕೇಳುವುದಿಲ್ಲ. ಆದರೂ ಮದುಮಗಳ ಅಂಗೈ ಹಿಡಿದಿರುವಾಗ ಫೋನು ಸದ್ದು ಮಾಡಿದರೆ, ಎಳೆಯುತ್ತಿದ್ದ ಬಳ್ಳಿ ಒಂದಿಷ್ಟು ಸೊಟ್ಟಗಾಗುತ್ತದೆ.