ಗೌರಿಗೆ ಹೇಳಬೇಕಿದ್ದ ಮಾತು

ಬೆಳಿಗ್ಗೆ ಶೇಂಗಾ ಹುರಿಯುತ್ತಾ ನಿಂತಿದ್ದೆ. ಕಾಳು ಚಟಪಟ ಅಂದು ಘಮ ಎದ್ದದ್ದೇ ತಡ, ಮನಸ್ಸು ಹಿರೇಗುಂಟನೂರಿನ ಬಸ್ಸು ಹತ್ತಿಬಿಟ್ಟಿತು. ನನ್ನ ಮೂಗಿಗಿರುವ ನೆನಪಿನ ಶಕ್ತಿ ತಲೆಗೂ ಇದ್ದಿದ್ದರೆ ಒಲೆಯ ಮೇಲಿಟ್ಟ ಹಾಲು ದಿನಾ ಉಕ್ಕುತ್ತಿರಲಿಲ್ಲ. ಅದಿರಲಿ ಬಿಡಿ.

ಆಗ ನಾನು ದುರ್ಗದಲ್ಲಿ ಸಮಾಜ ಕಾರ್ಯಕರ್ತೆ. ಸಾವು, ಅಪಘಾತ ಕಂಡ ಮನೆಗಳಿಗೆ ಹೋಗುವುದು, ಅಲ್ಲಿಯವರು ಮತ್ತೆ ಊಟಕ್ಕೆ, ಮಾತಿಗೆ, ಕೆಲಸಕ್ಕೆ ಮರಳುವ ತನಕ ಜೊತೆಗಿರುವುದು ನನ್ನ ಕೆಲಸ. ಓದಿದ್ದು ಬಹಳ, ಗೊತ್ತಿದ್ದದ್ದು ಸ್ವಲ್ಪ. ಹಿರೇಗುಂಟನೂರಿನ ಎಂಟು ವರ್ಷದ ಗೌರಿ ಶಾಲೆಯಲ್ಲೂ ಮನೆಯಲ್ಲೂ ಬಾಯೇ ಬಿಡುತ್ತಿಲ್ಲವೆಂದು ಅವಳ ಮೇಷ್ಟ್ರು ಹೇಳಿಕಳಿಸಿದ್ದರು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಕುರಿ ಮೇಯಿಸಲು ಹೋದ ಅಪ್ಪ ಹಿರಿಯೂರಿನ ಹತ್ತಿರ ಲಾರಿಗೆ ಸಿಕ್ಕು ಸತ್ತಿದ್ದ. ಮಣ್ಣು ಮಾಡುವಾಗ ಮಗುವನ್ನು ತಾಳ್ಯದ ನೆಂಟರ ಮನೆಗೆ ಕಳಿಸಿದ್ದರು. ಅವಳು ವಾಪಸು ಬಂದಾಗ, ಅಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದಾನೆ ಎಂದು ಅಪ್ಪನ ತಾಯಿ, ಅಂದರೆ ಅಜ್ಜಿ, ಸುಳ್ಳು ಹೇಳಿದ್ದಳು. ಕುರಿ ಕಾಯುವವರ ಮನೆಯಲ್ಲಿ ಗಂಡಸರು ತಿಂಗಳುಗಟ್ಟಲೆ ಬರದಿರುವುದು ಹೊಸದಲ್ಲ, ಹಾಗಾಗಿ ಸುಳ್ಳು ನಡೆದುಕೊಂಡು ಹೋಗುತ್ತಿತ್ತು.

"ಬರ್ರಿ ಮೇಡಂ, ಕುಂತ್ಕಳ್ರಿ," ಎಂದು ನಾನು ಹೋದಾಗಲೆಲ್ಲ ಅಜ್ಜಿ ಹುರಿದ ಶೇಂಗಾ ಮುಂದಿಡುತ್ತಿದ್ದಳು. ಮಗುವಿಗೆ ನಿಜ ಹೇಳೋಣ ಎಂದರೆ, "ಹೇಳಿದ್ರೆ ಕೂಸು ಎದೆ ಒಡ್ಕಂತೈತೆ. ನಿಮ್ಗೇನ್ರಿ, ಹೇಳಿ ಬಸ್ ಹತ್ತತೀರಿ," ಎನ್ನುತ್ತಿದ್ದಳು. ಅವಳ ಮಾತು ಸುಳ್ಳಲ್ಲ. ನಾನು ಶೇಂಗಾ ತಿಂದು ಬಸ್ಸು ಹತ್ತಿಯೇ ಬರುತ್ತಿದ್ದೆ.

ಮೂರನೆಯ ಸಲಕ್ಕೆ ಅಜ್ಜಿ ಒಪ್ಪಿದಳು, ಆದರೆ ನಾನೇ ಹೇಳಬೇಕಂತೆ. ಮುಂದಿನ ವಾರ ದಾರಿಯುದ್ದಕ್ಕೂ ಮಾತು ಬಾಯಿಪಾಠ ಮಾಡಿಕೊಂಡು ಹೋದೆ. ಗೌರಿಯನ್ನು ಎದುರಿಗೆ ಕೂರಿಸಿಕೊಂಡು "ಪುಟ್ಟಿ, ನಿಮ್ಮಪ್ಪ..." ಎಂದೆ. ಮುಂದಿನದೆಲ್ಲ ಮರೆತುಹೋಯಿತು.

ಗೌರಿ ನನ್ನ ತಲೆಯ ಮೇಲ್ಗಡೆ ಗೋಡೆಯಲ್ಲಿದ್ದ ಗೂಟ ನೋಡಿದಳು.

"ಅಪ್ಪನ ಕಂಬಳಿ ಇಲ್ಲೇ ಐತಲ್ಲ. ಕಂಬಳಿ ಬಿಟ್ಟು ಕುರಿ ಹಿಂದೆ ಯಾರ್ ಹೋಗ್ತಾರೆ?"

ಎಷ್ಟೋ ದಿನಗಳ ಮೇಲೆ ಆಡಿದ ಮಾತು. ಅಪಘಾತದ ಜಾಗದಿಂದ ಬಂದ ಕಂಬಳಿಯನ್ನು ಅಜ್ಜಿ ಒಗೆದು ಗೂಟಕ್ಕೆ ಹಾಕಿದ್ದಳು. ಮಗ ಹೊದ್ದದ್ದನ್ನು ಬಿಸಾಡಲು ಅವಳಿಗೆ ಮನಸ್ಸಾಗಿರಲಿಲ್ಲ. ಅದರ ಕೆಳಗೇ ಮೂರು ಸಲ ಕೂತು ಶೇಂಗಾ ತಿಂದ ವಿದ್ಯಾವಂತೆ ನಾನು!

"ಗೊತ್ತಿತ್ತೇನೆ ನಮ್ಮವ್ವ? ಯಾಕ್ ಹೇಳ್ಲಿಲ್ಲ?" ಅಜ್ಜಿ ಕೇಳಿದಳು.

"ನೀನು ಅಳ್ತೀಯ ಅಂತ."

ಅಜ್ಜಿ ಕಂಬಳಿ ಇಳಿಸಿ ಮೊಮ್ಮಗಳಿಗೆ ಹೊದಿಸಿ, ತಾನೂ ಅದರೊಳಗೆ ಸೇರಿಕೊಂಡಳು. ಇಬ್ಬರೂ ಜೋರಾಗಿ ಅತ್ತರು. ನನಗೂ ತಡೆಯಲಾಗಲಿಲ್ಲ. ಅವತ್ತು ಕೊನೆಯ ಬಸ್ಸಿನ ತನಕ ಅಲ್ಲೇ ಕೂತಿದ್ದೆ.

ಈಗ ನಮ್ಮ ಮನೆಯವರು ತೀರಿಹೋಗಿ ಎಂಟು ತಿಂಗಳಾಯಿತು. ಮಗಳು ಹೊಳಲ್ಕೆರೆಯಿಂದ ದಿನಾ ಫೋನ್ ಮಾಡಿ ಏನಡುಗೆ ಎನ್ನುತ್ತಾಳೆ. ನಾನು ಸಾರೋ ಹುಳಿಯೋ ಹೇಳುತ್ತೇನೆ. ಅವರ ಹೆಸರನ್ನು ಇಬ್ಬರೂ ಎತ್ತುವುದಿಲ್ಲ. ಇವತ್ತು ಬಾಣಲೆ ಇಳಿಸಿ ನಾನೇ ಫೋನ್ ಮಾಡಿದೆ.

"ನಿಮ್ಮಪ್ಪ ತುಂಬಾ ನೆನಪಾಗ್ತಾರೆ ಕಣೆ," ಎಂದೆ.

ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಇಲ್ಲ, ಮಗಳು ಅಳುತ್ತಿದ್ದಳು.

"ಅಳು ಮಗಳೇ, ಫೋನ್ ಇಡಬ್ಯಾಡ," ಎಂದೆ.