ಹಲಗಿ ಬಿಡು ಎಂದ ದನಿ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಅಪ್ಪ ಇರುವವರೆಗೆ ಅವರಿಗೆ ನೋವಾದೀತು ಎಂದುಕೊಂಡೆ. ಅಪ್ಪ ಹೋದ ಮೇಲೆ ಮಕ್ಕಳ ಮದುವೆ ಮುಗಿಯಲಿ ಎಂದೆ. ಈಗ ಯಾವ ನೆಪವೂ ಉಳಿದಿಲ್ಲ. ದೆವ್ವ, ಮಾಟ, ಇಲ್ಲದವರ ದನಿ ಕೇಳುವುದು, ಇಂಥದ್ದನ್ನು ನಾನು ಎಂದೂ ನಂಬಿದವನಲ್ಲ. ಯಾರಾದರೂ ಹೇಳಿದರೆ ಎದುರಿಗೇ ನಗುತ್ತಿದ್ದೆ. ಓದಿ ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ಉಗಾರ ಖುರ್ದದಿಂದ ತುಸು ದೂರ, ಕೃಷ್ಣೆಯ ದಂಡೆಯಲ್ಲಿ ನಮ್ಮ ಊರು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯ ಕಬ್ಬು ನೋಡಿಕೊಂಡಿದ್ದ ನನಗೆ ಆಗ ಇಪ್ಪತ್ತೆರಡು ವರ್ಷ. ಹೊಳೆಯ ಪಕ್ಕದಲ್ಲೇ ಬೆಳೆದರೂ ಈಜು ಬರುತ್ತಿರಲಿಲ್ಲ. ದೊಡ್ಡಪ್ಪ ಒಬ್ಬರು ನೀರಿನಲ್ಲಿ ಹೋಗಿದ್ದರಿಂದ ನಮ್ಮ ಮನೆಯ ಗಂಡುಮಕ್ಕಳಿಗೆ ಹೊಳೆ ನಿಷಿದ್ಧವಾಗಿತ್ತು.

ಊರ ಮುಂದೆ ನದಿಗೆ ಅಡ್ಡಲಾಗಿ ಒಂದು ಗಿಡ್ಡ ಒಡ್ಡು ಇತ್ತು. ಬಂಧಾರ ಎನ್ನುತ್ತಿದ್ದೆವು. ಶ್ರಾವಣದಲ್ಲಿ ನೀರು ಅದನ್ನು ಹತ್ತಿ ಇಳಿದು, ಕೆಳಗೆ ಸಾಲುಸಾಲಾಗಿ ತೆರೆ ಏಳುತ್ತಿತ್ತು. ಒಡ್ಡಿನಿಂದ ದೂರ, ತೆರೆ ಮೆತ್ತಗಾಗುವ ಕಡೆ, ಅಂಬಿಗರ ಹುಡುಗರು ಹಲಗೆಯ ಮೇಲೆ ನಿಂತು ಒಂದೊಂದೇ ತೆರೆ ಏರಿ ಇಳಿಯುತ್ತ ಕೆಳದಂಡೆಗೆ ಹೋಗುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನಾನೂ ಹಾಗೆ ಹೋಗಬೇಕೆಂಬ ಆಸೆಯಿಂದ ನನಗೆ ಊಟ ಸೇರುತ್ತಿರಲಿಲ್ಲ.

ಕಡೆಗೆ ಊರಿನ ದೋಣಿ ನಡೆಸುತ್ತಿದ್ದ ಅಂಬಿಗರ ಕಾಕಾನ ಹತ್ತಿರ ಹೋದೆ. ಮನೆಯಲ್ಲಿ ಹೇಳಬಾರದು ಎಂದೆ. ಅವರು ಒಂದು ಬೀಡಿ ಸೇದಿ ಮುಗಿಸಿ ಒಪ್ಪಿದರು. ಮೊದಲ ಎಂಟು ದಿನ ನನ್ನನ್ನು ನೀರಿಗೇ ಬಿಡಲಿಲ್ಲ. ಹಳೆಯ ದೋಣಿಯ ತಳದಿಂದ ಕೊಯ್ದ ಆಳುದ್ದದ ಹಲಗೆಯನ್ನು ಮರಳಿನ ಮೇಲೆ ಹಾಕಿ, ಅದರ ಮೇಲೆ ಬೋರಲು ಮಲಗಿಸಿ, ಕೈ ಬೀಸಲು ಕಲಿಸಿದರು. ದನ ಮೇಯಿಸುವವರು ನಿಂತು ನೋಡುತ್ತಿದ್ದರು.

"ಕಾಕಾ, ಉಸುಕಿನ್ಯಾಗ ಈಜಿಸಿ ಯಾವ ಊರು ಮುಟ್ಟಿಸ್ತಿ ಇವರನ್ನ?" ಎಂದು ಒಬ್ಬ ಕೇಳಿದ.

"ನಿನ್ನ ಮಾವನ ಊರು. ನೀ ನಿನ್ನ ಎಮ್ಮಿ ನೋಡ್ಕೋ" ಎಂದರು ಕಾಕಾ.

ಆಮೇಲೆ ಮೊಣಕಾಲು ನೀರು, ಸೊಂಟದ ನೀರು. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಈಜು ಕಲಿಸಿದರು. ಬೀಳುವುದನ್ನೇ ಒಂದು ವಾರ ಕಲಿತೆ. ತಲೆ ಮುಂದಾಗಿ ಬೀಳಬಾರದು, ಬೆನ್ನಿನ ಮೇಲೆ ಅಗಲವಾಗಿ ಬೀಳಬೇಕು. ಮೇಲೆ ಬರುವಾಗ ಹಲಗೆ ಬಡಿಯದಂತೆ ತಲೆಯ ಮೇಲೆ ಕೈ ಇರಬೇಕು. ಸೆಳೆತಕ್ಕೆ ಸಿಕ್ಕರೆ ಎದುರು ಈಜದೆ ಅದರ ಜೊತೆಗೇ ಓರೆಯಾಗಿ ದಂಡೆ ಹಿಡಿಯಬೇಕು. ದಂಡೆಯ ಮೇಲೆ ಒಬ್ಬರು ಇಲ್ಲದೆ ಇಳಿಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಮೇಲೆ ಬಂದೊಡನೆ ಹಲಗೆ ಹಿಡಿಯಬೇಕು, ಆಮೇಲೆ ಏನೇ ಆದರೂ ಅದನ್ನು ಬಿಡಬಾರದು. ಇದನ್ನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ದಂಡೆಯ ಮೇಲೆ ಅವರಿಗೆ ನಾನು 'ಸಣ್ಣ ಸಾವ್ಕಾರ್ರು'. ನೀರಿಗೆ ಇಳಿದೊಡನೆ 'ಲೇ'. ಒಮ್ಮೆ ಕೇಳಿದ್ದಕ್ಕೆ, "ನೀರಾಗ 'ಸಾವ್ಕಾರ್ರ, ಹಿಂಗ ಬರ್ರಿ' ಅಂತ ಪೂರಾ ಹೇಳೂದ್ರಾಗ ನೀವು ಮುಂದಿನ ಊರು ದಾಟಿ ಹೋಗಿರ್ತೀರಿ" ಎಂದರು. ಆ ಒಂದು ತಿಂಗಳಷ್ಟು ಸುಖವಾಗಿ ನಾನು ಮತ್ತೆ ಎಂದೂ ಇದ್ದಂತೆ ನೆನಪಿಲ್ಲ. ಮೊದಲ ಸಲ ಮೂರು ತೆರೆ ನಿಂತು ದಾಟಿದ ದಿನ ಕಾಕಾ ತಮ್ಮ ಬುತ್ತಿಯ ರೊಟ್ಟಿ ಮುರಿದು ಅರ್ಧ ಕೊಟ್ಟರು.

ಮರುವಾರ ಅವರು ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವುದಕ್ಕೆ ಶೇಡಬಾಳಕ್ಕೆ, ಮಗಳ ಮನೆಗೆ ಹೋದರು. "ನಾಳೆ ಸಂಜಿಗಿ ಬರ್ತೀನ್ರಿ. ಅಲ್ಲೀತನಕ ಹೊಳಿ ಕಡೆ ಬರಬ್ಯಾಡ್ರಿ" ಎಂದು ನನಗೇ ಹೇಳಿ ಬಸ್ಸು ಹತ್ತಿದರು. ಅವರು ಇಲ್ಲವೆಂದು ಗೊತ್ತಿದ್ದುದರಿಂದಲೇ ಮರುದಿನ ನಾನು ಹಲಗೆ ತೆಗೆದುಕೊಂಡು ಇಳಿದೆ. ಇದನ್ನು ಮೊದಲು ಒಪ್ಪಿಕೊಳ್ಳಬೇಕು. ದೊಡ್ಡ ತೆರೆ ಬೇಕೆಂದು ಒಡ್ಡಿನ ಹತ್ತಿರವೇ ಇಳಿದೆ.

ಅಲ್ಲಿ ನೀರು ಮುಂದಕ್ಕೆ ಒಯ್ಯುವುದಿಲ್ಲ, ಒಡ್ಡಿನ ಕಡೆಗೇ ಹಿಂದಕ್ಕೆ ಎಳೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬಿದ್ದೆ. ಹಲಗೆ ತಬ್ಬಿಕೊಂಡೆ. ಮೇಲಿನ ನೀರು ತಲೆಯ ಮೇಲೆ ಬೀಳುವುದು, ಹಲಗೆ ನನ್ನನ್ನು ಎತ್ತುವುದು, ಮತ್ತೆ ಒಡ್ಡಿನ ಕಡೆ ಸೆಳೆತ. ಎಷ್ಟು ಸಲ ಹೀಗಾಯಿತೋ ತಿಳಿಯದು. ಉಗಾರದ ಸಕ್ಕರೆ ಕಾರ್ಖಾನೆಯ ಹನ್ನೆರಡರ ಭೋಂಗಾ ಕೂಗಿದ್ದು ಕೇಳಿಸಿತು. ಚೆನ್ನಾಗಿ ಬಿಸಿಲಿತ್ತು. ಆಗ ದಂಡೆಯಿಂದ ಕಾಕಾನ ದನಿ ಬಂತು.

"ಲೇ, ಹಲಗಿ ಬಿಡು. ಬಿಟ್ಟು ತಳಕ್ಕ ಹೋಗು."

ನಾನು ಬಿಡಲಿಲ್ಲ. ಎರಡನೆಯ ಸಲ ಅದೇ ದನಿ, ಸಿಟ್ಟಿನಿಂದ. ಬಿಟ್ಟೆ. ನೀರು ನನ್ನನ್ನು ತಳಕ್ಕೆ ಒಯ್ದಿತು. ಅಲ್ಲಿ ಹೊಟ್ಟೆಯ ಕೆಳಗೆ ಅಂಗೈ ತಾಗಿದಂತಾಯಿತು. ಉಸಿರು ಮುಗಿಯುವಷ್ಟರಲ್ಲಿ ಒಡ್ಡಿನಿಂದ ಬಹಳ ದೂರ, ಮೆತ್ತನೆಯ ತೆರೆಗಳ ನಡುವೆ ಮೇಲೆದ್ದೆ. ಓರೆಯಾಗಿ ಈಜಿ ಮರಳು ಮುಟ್ಟಿದೆ. ದಂಡೆಯಲ್ಲಿ ಯಾರೂ ಇರಲಿಲ್ಲ. ಒದ್ದೆ ಮರಳಿನ ಮೇಲೆ ನನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯೂ ಇರಲಿಲ್ಲ. ಆ ಹಲಗೆ ಮೂರು ದಿನ ಒಡ್ಡಿನ ಬುಡದಲ್ಲೇ ಸುತ್ತುತ್ತಿತ್ತು.

ಮೈತುಂಬ ಗೀರುಗಳನ್ನು ನೋಡಿ ಅಪ್ಪ, "ಯಾರು ಬಿಟ್ರು ನಿನ್ನ ನೀರಿಗೆ?" ಎಂದು ಕೇಳಿದರು.

"ಅಂಬಿಗರ ಕಾಕಾ ದಂಡಿ ಮ್ಯಾಲಿದ್ದ" ಎಂದೆ.

ಅಷ್ಟೇ ಹೇಳಿದೆ. ಕೇಳಿಸಿದ್ದು ನಿಜವಾದ್ದರಿಂದ ಅದು ಸುಳ್ಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮಿಕ್ಕಿದ್ದನ್ನು ಅಪ್ಪನ ಸಿಟ್ಟು ಸೇರಿಸಿಕೊಂಡಿತು.

ಮರುದಿನ ಬೆಳಗ್ಗೆ ಚಾವಡಿಗೆ ಕಾಕಾನನ್ನು ಕರೆಸಿದರು. "ನಾ ಶೇಡಬಾಳದಾಗ ಇದ್ನಿರಿ" ಎಂದರು ಅವರು. ಹಿರಿಯರು ನಂಬಲಿಲ್ಲ. ಆಗ ಅವರು ನನ್ನ ಕಡೆ ತಿರುಗಿ, "ನಾ ಏನಂದ್ನಿರಿ, ಸಣ್ಣ ಸಾವ್ಕಾರ್ರ?" ಎಂದು ಕೇಳಿದರು.

"ಹಲಗಿ ಬಿಡು ಅಂದಿ."

ಕಾಕಾನ ಕೈಯಲ್ಲಿದ್ದ ಟೋಪಿ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲಿಲ್ಲ. ನನ್ನನ್ನೇ ನೋಡುತ್ತ, "ಹಂಗಾದ್ರ ನಾನ ಇದ್ದಿರಬೇಕ್ರಿ" ಎಂದರು.

ಹಿರಿಯರು ಅದನ್ನು ತಪ್ಪೊಪ್ಪಿಗೆ ಎಂದು ತಿಳಿದರು. ದೋಣಿಯನ್ನು ಬೇರೆಯವರಿಗೆ ಕೊಟ್ಟರು. ಅವರು ಶೇಡಬಾಳದ ಬಸ್ಸು ಹತ್ತಿದ್ದನ್ನು ನಾನೇ ಕಂಡಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ನಾನು ಕದ್ದು ಇಳಿದದ್ದು ತಿಳಿಯುತ್ತಿತ್ತು. ನಾನು ಕಂಬಕ್ಕೆ ಒರಗಿ ಸುಮ್ಮನೆ ನಿಂತಿದ್ದೆ. ತಿಂಗಳೊಳಗೆ ಕಾಕಾ ಹೆಂಡತಿಯನ್ನು ಕರೆದುಕೊಂಡು ಮಗಳ ಊರಿಗೆ ಹೋಗಿಬಿಟ್ಟರು.

ಆ ಮಧ್ಯಾಹ್ನ ತೊಟ್ಟಿಲ ಊಟಕ್ಕೆ ಹೋಗಿದ್ದ ಶೇಡಬಾಳದ ರೈತನೊಬ್ಬ ಮುಂದೆ ನನಗೆ ಸಿಕ್ಕ. ಭೋಂಗಾದ ಹೊತ್ತಿಗೆ ಕಾಕಾ ಅವನ ಪಕ್ಕದಲ್ಲೇ ಉಣ್ಣುತ್ತಿದ್ದರಂತೆ. ಹೆದರಿದಾಗ ಕಲಿತ ಪಾಠ ದನಿಯಾಗಿ ಕೇಳಿಸಿರಬಹುದು ಎಂದು ನನ್ನ ಮಗ ಹೇಳುತ್ತಾನೆ. ಇರಬಹುದು. ಆದರೆ ಒಡ್ಡಿನ ಬುಡದಲ್ಲಿ ಸಿಕ್ಕವನು ಹಲಗೆ ಬಿಟ್ಟು ತಳಕ್ಕೆ ಹೋಗಬೇಕೆಂಬುದು ಹಳೆಯ ಅಂಬಿಗರಿಗೆ ಮಾತ್ರ ಗೊತ್ತಿದ್ದ ಪಾಠ, ಅದನ್ನು ಅವರು ನನಗೆ ಕಲಿಸಿರಲಿಲ್ಲ. ಅದಕ್ಕೆ ತೀರ ವಿರುದ್ಧವಾದುದನ್ನು ಕಲಿಸಿದ್ದರು. ಇದಕ್ಕಿಂತ ಮುಂದೆ ನನ್ನ ಬುದ್ಧಿ ಓಡುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಅಷ್ಟು ವರ್ಷ ಎಷ್ಟೋ ಸಲ ಬಸ್ಸಿನಲ್ಲಿ ಶೇಡಬಾಳ ದಾಟಿದ್ದೆ. ಒಮ್ಮೆಯೂ ಇಳಿಯಲಿಲ್ಲ. ಇಷ್ಟು ಬರೆಯುವಾಗಲೂ ಕಾಕಾ, ಕಾಕಾ ಎಂದೇ ಬರೆದೆ, ಹೆಸರು ಬರೆಯಲು ಕೈ ಬರಲಿಲ್ಲ. ಅವರ ಹೆಸರು ದುಂಡಪ್ಪ ಅಂಬಿ.