ತುಟಿ ಬಿಚ್ಚಬಾರದೆಂಬ ನಿಯಮ

ಆಟ ಕಟ್ಟುವುದನ್ನು ಕಲಿಸುವುದು ನನ್ನ ಕಸುಬು. ಮೋಜಿನ ಆಟವಲ್ಲ, ಕೆಲಸ ಕಲಿಸುವ, ಅಪಾಯವನ್ನು ಮೊದಲೇ ತೋರಿಸಿಕೊಡುವ ಕಂಪ್ಯೂಟರ್ ಆಟ. ಗೋವಾದ ಈ ಕಾಲೇಜಿನಲ್ಲಿ ಪ್ರತಿ ಬ್ಯಾಚಿಗೂ ಒಂದು ಮಾತು ಕಟ್ಟುನಿಟ್ಟಾಗಿ ಹೇಳುತ್ತೇನೆ: ಹೊಸಬರು ನಿಮ್ಮ ಆಟ ಆಡಿ ನೋಡುವಾಗ ಮೊದಲೇ ಏನೂ ಹೇಳಿಕೊಡಬೇಡಿ, ನಡುವೆ ತುಟಿ ಪಿಟಕ್ಕೆನ್ನಬೇಡಿ. ಅವರು ಎಲ್ಲಿ ಎಡವುತ್ತಾರೋ ಅಲ್ಲಿ ನಿಮ್ಮ ಆಟ ಸರಿಯಿಲ್ಲ. ಈ ನಿಯಮದ ಬಗ್ಗೆ ನನಗೆ ಜಂಬವೂ ಇತ್ತು.

ಕಳೆದ ಸೆಮಿಸ್ಟರಿನಲ್ಲಿ ಒಬ್ಬ ವಿದ್ಯಾರ್ಥಿನಿ ಕಟ್ಟಡ ಕೂಲಿಗಳಿಗಾಗಿ ಆಟ ಮಾಡಿದ್ದಳು. ಸಾರವೆ ಹತ್ತುವ ಮೊದಲು ಸೊಂಟದ ಬೆಲ್ಟಿನ ಕೊಕ್ಕೆ ಸಿಕ್ಕಿಸಬೇಕು; ಇಲ್ಲದಿದ್ದರೆ ಪರದೆಯ ಮೇಲಿನ ಮನುಷ್ಯ ಬೀಳುತ್ತಾನೆ. ಆಡಿ ನೋಡಲು ತನ್ನ ತಾಯಿಯನ್ನೇ ಕರೆತಂದಳು. ವಿಜಯಪುರದ ಕಡೆಯಿಂದ ದುಡಿಯಲು ಬಂದು ಇಲ್ಲೇ ಫಾತೋರ್ಡಾದಲ್ಲಿ ಗಾರೆ ಹೊರುವ ಹೆಂಗಸು, ಅಂದು ಕೆಲಸ ಬಿಟ್ಟು ಇಳಕಲ್ ಸೀರೆ ಉಟ್ಟು ಬಂದಿದ್ದರು.

ಮನುಷ್ಯ ಬಿದ್ದ. ಮತ್ತೆ ಬಿದ್ದ. ಕೊಕ್ಕೆಯ ಚಿತ್ರ ಮೂಲೆಯಲ್ಲಿ ತೀರ ಚಿಕ್ಕದಾಗಿತ್ತು, ಅವರಿಗೆ ಕಾಣಲೇ ಇಲ್ಲ. ಮಗಳು ಬಾಯಿ ತೆರೆದಳು. ನಾನು ಕಣ್ಣಲ್ಲೇ ಗದರಿದೆ. ಅವಳು ತಲೆ ತಗ್ಗಿಸಿದ್ದನ್ನು ತಾಯಿ ನೋಡಿದರು. ಮೌಸ್ ಬಿಟ್ಟು ನನ್ನ ಕಡೆ ತಿರುಗಿದರು.

“ಇಕಿನ್ನ ಫೇಲ್ ಮಾಡಬ್ಯಾಡ್ರಿ ಸರ್,” ಎಂದರು. “ಹುಡುಗಿ ಭಾಳ ಚಲೋ ಓದ್ಯಾಳ. ತಪ್ಪ ನಂದೈತ್ರಿ. ಇನ್ನೊಮ್ಮಿ ಆಡತೇನಿ, ಈ ಸಲ ಬೀಳಂಗಿಲ್ಲ.”

ಪರೀಕ್ಷೆ ಇದ್ದದ್ದು ಆಟಕ್ಕೆ. ಆ ತಾಯಿ ಅದು ತನಗೇ ಎಂದು, ತಾನು ಸೋತರೆ ಮಗಳು ಫೇಲೆಂದು ತಿಳಿದಿದ್ದರು. ನಾನೂ ಅವರ ಕಡೆಯವನೇ. “ಇದು ನಿಮ್ಮ ಪರೀಕ್ಷಾ ಅಲ್ರಿ ಯಕ್ಕಾ” ಎನ್ನಲು ಬಾಯಲ್ಲೇನು ಕಡುಬು ಇತ್ತೇ? ಉಳಿದ ಹುಡುಗರು ನೋಡುತ್ತಿದ್ದಾರಲ್ಲ, ನಾನೇ ನಿಯಮ ಮುರಿದರೆ ಹೇಗೆ ಅಂತ ಸುಮ್ಮನಿದ್ದೆ. ಪುಸ್ತಕದ ಬದನೆಕಾಯಿ ನಾನು. ಅವರು ಬೆವರುತ್ತ ಆಡಿದರು. ಮನುಷ್ಯ ಬಿದ್ದಾಗಲೆಲ್ಲ ಮಗಳ ಮುಖ ನೋಡಿದರು. ಕೊಟ್ಟ ಹೊತ್ತು ಮುಗಿಯುವವರೆಗೂ ನಾನು ಹಾಗೇ ಕೂತಿದ್ದೆ.

ಆಮೇಲೆ ಎಲ್ಲ ಬಿಡಿಸಿ ಹೇಳಿ, ಮಗಳು ಪಾಸ್ ಎಂದೂ ತಿಳಿಸಿ ಕೈ ಮುಗಿದೆ. “ಇರ್ಲಿ ಬಿಡ್ರಿ, ಹುಡುಗಿ ಪಾಸ್ ಆದ್ಳಲ್ಲ, ಸಾಕು,” ಎಂದು ನಕ್ಕರು. ನನಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ತಾಯಿಯನ್ನು ಬಸ್ಸು ಹತ್ತಿಸಿ ಬಂದ ಮಗಳು ನನ್ನ ಮೇಜಿನ ಮುಂದೆ ನಿಂತಳು. ಬೈದುಬಿಟ್ಟಿದ್ದರೆ ಎಷ್ಟೋ ಚಲೋ ಇತ್ತು. ಮೆಲ್ಲಗೆ ಹೇಳಿದಳು:

“ಅವ್ವ ಬರಾಕ ಒಲ್ಲೆ ಅಂದಿದ್ಳು ಸರ್, ಕಂಪ್ಯೂಟರ್ ಅಂದ್ರ ಅಂಜಿಕಿ. ‘ನಮ್ಮ ಸರ್ ನಮ್ಮ ಕಡೇವ್ರ ಅದಾರ, ನಿನಗ ತಿಳೀಲಿಲ್ಲಂದ್ರ ಕನ್ನಡದಾಗ ಹೇಳ್ತಾರ’ ಅಂತ ನಾನ ಕರಕೊಂಡ ಬಂದಿದ್ದೆ.”